ಅತ್ತೆ ತಿದ್ದಿದ ಕತೆ

ನಾನು ಮೈಸೂರಿನಲ್ಲಿ ಕನ್ನಡ ಆನರ್ಸ್ ಓದುತ್ತಿದ್ದ ಕಾಲದಲ್ಲಿ, ಬುಧವಾರ ಮಧ್ಯಾಹ್ನ ಮೂರು ಗಂಟೆಯ ಮೇಲೆ ಪರೀಕ್ಷೆಗೆ ಸಂಬಂಧವೇ ಇಲ್ಲದ ಒಂದು ತರಗತಿ ನಡೆಯುತ್ತಿತ್ತು. ಅದಕ್ಕೆ ಹಾಜರಿ ಇರಲಿಲ್ಲ, ಅಂಕ ಇರಲಿಲ್ಲ. ನಮ್ಮ ಅಧ್ಯಾಪಕರೊಬ್ಬರು ತಾವಾಗಿ ಮನಸ್ಸು ಮಾಡಿ ನಡೆಸುತ್ತಿದ್ದ ಬರವಣಿಗೆಯ ತರಗತಿ ಅದು. ಐವತ್ತರ ದಶಕದ ನಡುವಿನ ಮಾತು. ಕತೆ ಬರೆಯುವುದನ್ನು ಕಲಿಸುತ್ತಾರೆ ಎಂದರೆ ಬೇರೆ ಮೇಷ್ಟರುಗಳು ನಗುತ್ತಿದ್ದರು. ಈಜು ಕಲಿಸಬಹುದು, ಇದನ್ನೆಲ್ಲ ಕಲಿಸುವುದುಂಟೆ ಎನ್ನುತ್ತಿದ್ದರು.

ನಮ್ಮ ಮೇಷ್ಟರು ತರಗತಿಯನ್ನು ಎರಡು ಭಾಗ ಮಾಡಿದ್ದರು. ಮೊದಲ ಒಂದು ಗಂಟೆ ನಮ್ಮ ನಮ್ಮ ಕತೆ, ಪದ್ಯ, ಪ್ರಬಂಧಗಳನ್ನು ಓದುವುದು. ಎರಡನೆಯ ಗಂಟೆಗೆ ಅವರೇ ಇಟ್ಟ ಹೆಸರು ‘ಹೊಟ್ಟೆಪಾಡಿನ ಬರವಣಿಗೆ’. ಸಭೆಯೊಂದರ ವರದಿ ಬರೆಯುವುದು, ಇಂಗ್ಲಿಷ್ ಸುತ್ತೋಲೆಯನ್ನು ಕನ್ನಡಕ್ಕೆ ತರುವುದು, ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಪುರಸಭೆಗೆ ಅರ್ಜಿ ಹಾಕುವುದು, ಅಚ್ಚಿನ ಕರಡು ತಿದ್ದುವುದು. “ನಿಮ್ಮಲ್ಲಿ ಒಬ್ಬರೋ ಇಬ್ಬರೋ ಕತೆಗಾರರಾಗಬಹುದು. ಮಿಕ್ಕವರೂ ಅನ್ನ ತಿನ್ನಬೇಕಲ್ಲ” ಎನ್ನುತ್ತಿದ್ದರು. ಗಟ್ಟಿಯಾಗಿ ಮಾತಾಡಿದವರಲ್ಲ. ಹಿಂದಿನ ಬೆಂಚಿನವರು ಮುಂದಕ್ಕೆ ಬಾಗಿ ಕೇಳಬೇಕಿತ್ತು.

ಹನ್ನೊಂದು ಜನ ಇದ್ದೆವು, ಹುಡುಗಿಯರು ಇಬ್ಬರೇ. ನಾನು ಚಾಮರಾಜನಗರದವಳು. ಅಪ್ಪ ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಹರದನಹಳ್ಳಿಯಲ್ಲಿ ನಮ್ಮ ಹಿರಿಯರ ಜಮೀನಿತ್ತು, ಅದನ್ನು ದೊಡ್ಡಪ್ಪ ನೋಡಿಕೊಳ್ಳುತ್ತಿದ್ದರು. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಅಪ್ಪನಿಗೆ ಅದರ ಹೆಮ್ಮೆ ಎಷ್ಟೆಂದರೆ, ಶನಿವಾರ ಸಂಜೆ ರೈಲಿನಲ್ಲಿ ನಾನು ಊರಿಗೆ ಬಂದರೆ ಸ್ಟೇಷನ್ನಿನಿಂದ ಮನೆಯವರೆಗೆ ನನ್ನ ಪುಸ್ತಕಗಳನ್ನು ಅವರೇ ಹಿಡಿದುಕೊಂಡು, ಹೆಸರು ಹೊರಗೆ ಕಾಣುವಂತೆ ಎದೆಗೆ ಒತ್ತಿಕೊಂಡು ನಡೆಯುತ್ತಿದ್ದರು.

ಎರಡನೆಯ ವರ್ಷ ಮೇಷ್ಟರು, ನೀವು ಕಣ್ಣಾರೆ ಕಂಡ ಒಬ್ಬರ ಮೇಲೆ ಕತೆ ಬರೆದು ತನ್ನಿ ಎಂದರು. ನಾನು ನನ್ನ ಸೋದರತ್ತೆಯನ್ನು ಆರಿಸಿಕೊಂಡೆ.

ಅತ್ತೆ ಅಪ್ಪನ ಅಕ್ಕ. ಗುಂಡ್ಲುಪೇಟೆಯಲ್ಲಿ, ಊಟಿಯ ದಾರಿಯೂ ವಯನಾಡಿನ ಬತ್ತೇರಿಯ ದಾರಿಯೂ ಬೇರೆಯಾಗುವ ಕಡೆ, ಲಾರಿಯವರಿಗೆ ಊಟ ಹಾಕುವ ಒಂದು ಚಿಕ್ಕ ಹೋಟೆಲು ನಡೆಸುತ್ತಿದ್ದರು. ಮಕ್ಕಳಿರಲಿಲ್ಲ. ಮಾವ ನಾನು ತೀರ ಚಿಕ್ಕವಳಿದ್ದಾಗ ಮರದ ಲಾರಿಯ ಜೊತೆ ವಯನಾಡಿಗೆ ಹೋದವರು ಮತ್ತೆ ಬರಲಿಲ್ಲ. ಮನೆಯಲ್ಲಿ ಅಷ್ಟೇ ಹೇಳುತ್ತಿದ್ದರು. ಅದರ ಮೇಲೆ ಯಾರಾದರೂ ಏನಾದರೂ ಕೇಳಿದರೆ ಅಮ್ಮ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದಳು.

ನನ್ನ ಕತೆಯ ಹೆಂಗಸು ದಿನಾ ದೀಪ ಹಚ್ಚುವ ಹೊತ್ತಿಗೆ ಬಾಗಿಲಲ್ಲಿ ಕುಳಿತು ದಾರಿ ನೋಡುತ್ತಾಳೆ. ಇಪ್ಪತ್ತು ವರ್ಷ ಕಳೆದು ಕೂದಲು ಬೆಳ್ಳಗಾಗುತ್ತದೆ. ಕಣ್ಣು ಮಂಜಾಗುತ್ತದೆ. ಕೊನೆಗೊಂದು ದಿನ ಲಾರಿ ಬಂದು ನಿಲ್ಲುತ್ತದೆ, ಗಂಡ ಇಳಿದು ಬರುತ್ತಾನೆ, ಆದರೆ ಅವಳು ಬಾಗಿಲಿಗೆ ಒರಗಿದಂತೆಯೇ ಪ್ರಾಣ ಬಿಟ್ಟಿರುತ್ತಾಳೆ. ಹಾಸ್ಟೆಲಿನ ಕೋಣೆಯಲ್ಲಿ ಅದನ್ನು ಬರೆಯುವಾಗ ನನಗೇ ಅಳು ಬಂದಿತ್ತು. ತರಗತಿಯಲ್ಲಿ ಓದಿದಾಗ ನನ್ನ ಪಕ್ಕದ ಗೆಳತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗರು ಗಂಭೀರವಾಗಿ ಕುಳಿತಿದ್ದರು.

ಮೇಷ್ಟರು ನನ್ನ ಕಡೆ ತಿರುಗಿದರು.

“ಚೆನ್ನಾಗಿ ಓದಿದೆಯಮ್ಮ. ಈ ಹೆಂಗಸು ಬೆಳಿಗ್ಗೆ ಹೊತ್ತು ಏನು ಮಾಡ್ತಾಳೆ?”

ನನಗೆ ಅರ್ಥವಾಗಲಿಲ್ಲ.

“ಸಂಜೆ ಬಾಗಿಲಲ್ಲಿ ಕೂತಿರ್ತಾಳೆ, ಸರಿ. ಬೆಳಿಗ್ಗೆ? ಊಟಕ್ಕೇನು ಮಾಡ್ಕೋತಾಳೆ? ಇಪ್ಪತ್ತು ವರ್ಷ ಬದುಕಿದಾಳಲ್ಲ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಮುಖವೆಲ್ಲ ಬಿಸಿಯಾಯಿತು. ಇಂಥ ಕತೆ ಕೇಳಿ ಊಟದ ವಿಚಾರ ಎತ್ತುತ್ತಾರಲ್ಲ ಎಂದು ಆ ವಾರವೆಲ್ಲ ಅವರ ಮೇಲೆ ಕೋಪ ಮಾಡಿಕೊಂಡಿದ್ದೆ. ಕಾಲೇಜಿನ ವಾರ್ಷಿಕ ಸಂಚಿಕೆಯ ಹುಡುಗರಿಗೆ ಮಾತ್ರ ಕತೆ ಬಹಳ ಹಿಡಿಸಿ ಅಚ್ಚು ಹಾಕಿದರು. ಮೇಷ್ಟರು ಬೇಡವೆನ್ನಲಿಲ್ಲ.

ಸಂಚಿಕೆಯನ್ನು ಅಪ್ಪ ಕಚೇರಿಗೆ ತೆಗೆದುಕೊಂಡು ಹೋದರು. ಶಿರಸ್ತೇದಾರರಿಗೆ ತೋರಿಸಿದರು. ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದು ಹೋಗುತ್ತಿತ್ತು. ಬೇಸಿಗೆ ರಜ ಬಂದ ಕೂಡಲೇ ನನ್ನನ್ನು ಕರೆದು, “ಗುಂಡ್ಲುಪೇಟೆಗೆ ಹೋಗಿ ಹದಿನೈದು ದಿನ ಇದ್ದು ಬಾ. ಇದನ್ನ ಅಕ್ಕನಿಗೆ ಓದಿ ಹೇಳು. ಅವಳ ಬಗ್ಗೆ ಅಚ್ಚಾಗಿದೆ ಅಂದ್ರೆ ಎಷ್ಟು ಸಂತೋಷಪಡ್ತಾಳೋ” ಎಂದರು. ಅಪ್ಪನಿಗೆ ಅದು ತಮ್ಮ ಅಕ್ಕನಿಗೆ ಸಂದ ಮರ್ಯಾದೆಯಾಗಿ ಕಂಡಿತ್ತು. ನನಗೂ ಕಚೇರಿಯವರ ಹೊಗಳಿಕೆ ಕೇಳಿ ಕೇಳಿ ಹಾಗೆಯೇ ಅನ್ನಿಸತೊಡಗಿತ್ತು. ಆದರೆ ಬಸ್ಸು ತೆರಕಣಾಂಬಿ ದಾಟಿ, ಗೋಪಾಲಸ್ವಾಮಿ ಬೆಟ್ಟ ದೂರದಲ್ಲಿ ಕಾಣತೊಡಗಿದಾಗ, ಚೀಲದೊಳಗಿದ್ದ ಆ ಪುಸ್ತಕ ಯಾಕೋ ಭಾರವಾಯಿತು. ಅತ್ತೆಯನ್ನು ನಾನು ಕತೆಯಲ್ಲಿ ಸಾಯಿಸಿದ್ದೆ. ಅದನ್ನು ಅವರ ಮುಂದೆ ಕುಳಿತು ಓದುವುದು ಹೇಗೆ?

ಎರಡು ದಿನ ಪುಸ್ತಕ ಹೊರಗೆ ತೆಗೆಯಲಿಲ್ಲ. ಓದುವುದಕ್ಕೆ ಬಿಡುವು ಕೂಡ ಇರಲಿಲ್ಲ ಎನ್ನಿ. ಅತ್ತೆಯ ಹೋಟೆಲೆಂದರೆ ಹೆಂಚಿನ ಒಂದು ಪಡಸಾಲೆ, ಎರಡು ಬೆಂಚು, ಹಿಂದೆ ಅಡಿಗೆಮನೆ, ಅದರ ಹಿಂದೆ ಅವರು ಮಲಗುವ ಕೋಣೆ. ಬೆಳಿಗ್ಗೆ ಇಡ್ಲಿ. ಹೊತ್ತೇರಿದ ಮೇಲೆ ಮುದ್ದೆ, ಅನ್ನ, ಉಪ್ಪುಸಾರು. ವಯನಾಡಿನ ಕಡೆಯ ಲಾರಿಯವರು ತಮ್ಮ ಮಾತಿನಲ್ಲಿ ಅಕ್ಕ ಎಂದು ಕರೆದು, “ಚೇಚೀ, ಚಾಯ” ಎಂದು ಕೂಗುತ್ತ ಒಳಗೆ ಬರುತ್ತಿದ್ದರು. ಅತ್ತೆ ಅವರ ಜೊತೆ ಮಲಯಾಳಂನಲ್ಲೇ ಜಗಳವಾಡುತ್ತಿದ್ದರು, ನಗುತ್ತಿದ್ದರು. ಎತ್ತರದ ಹೆಂಗಸು, ಬಲಗೈ ಮುದ್ದೆ ತೊಳಸಿ ತೊಳಸಿ ಎಡಗೈಗಿಂತ ದಪ್ಪಗಿತ್ತು.

ಮೂರನೆಯ ದಿನ ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದ ಹೊತ್ತಿನಲ್ಲಿ ಅವರು ಮೊರದಲ್ಲಿ ಹುರುಳಿ ಹಾಕಿಕೊಂಡು ಕಲ್ಲು ಆರಿಸುತ್ತ ಕೇಳಿದರು.

“ಅದೇನೋ ಬುಕ್ಕಲ್ಲಿ ಬರ್ದಿದ್ದೀಯಂತಲ್ಲ ಕಣಮ್ಮಿ? ನಿಮ್ಮಪ್ಪ ಕಂಡಕ್ಟರ್ ಕೈಲಿ ಏಳಿ ಕಳ್ಸವ್ನೆ. ತತ್ತಾ, ಓದು.”

ಓದಿದೆ. ಮೊದಮೊದಲು ಅವರ ಬೆರಳು ಹುರುಳಿಯ ಮೇಲೆ ಓಡಾಡುತ್ತಿತ್ತು. ಬಾಗಿಲಲ್ಲಿ ಕುಳಿತು ದಾರಿ ಕಾಯುವ ಭಾಗ ಬಂದಾಗ ನಿಂತಿತು. ನಾನು ತಲೆ ಎತ್ತದೆ ಕೊನೆಯವರೆಗೂ ಓದಿಬಿಟ್ಟೆ.

“ನನ್ನ ಸಾಯಿಸ್ಬುಟ್ಟಲ್ಲ!” ಎಂದು ಅತ್ತೆ ಜೋರಾಗಿ ನಕ್ಕರು.

“ಅದು ಕತೆ ಅತ್ತೆ. ನೀವಲ್ಲ.”

“ಕತೆ ಸರಿ. ಆದ್ರೆ ದೀಪ ಅಚ್ಚೋ ಒತ್ನಲ್ಲಿ ಬಾಗ್ಲಲ್ಲಿ ಕುಂತ್ಕಂಡ್ರೆ ಮುದ್ದೆ ಯಾರು ತೊಳ್ಸಾರು? ಲಾರಿಗಳೆಲ್ಲ ಬಂದು ನಿಂತ್ಕಳೋ ಒತ್ತು ಅದು.”

ಮೇಷ್ಟರು ಕೇಳಿದ ಪ್ರಶ್ನೆಯನ್ನೇ ಇವರೂ ಕೇಳಿದ್ದರು. ನಾನು ಪುಸ್ತಕ ಮುಚ್ಚಿದೆ. ಅತ್ತೆ ಮತ್ತೆ ಕೇಳಿದರು.

“ಓದ್ದೋರೆಲ್ಲ ಅಯ್ಯೋ ಪಾಪ ಅಂದ್ರಾ?”

“ಅಂದ್ರು ಅತ್ತೆ.”

“ಊಂ” ಎಂದವರು ಮೊರ ಎತ್ತಿಕೊಂಡು ಒಳಗೆ ಹೋದರು.

ಅವರು ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಆ ‘ಊಂ’ ಈಗಲೂ ಕೇಳಿಸುತ್ತದೆ.

ಅದಾದ ಎರಡನೆಯ ದಿನವೋ ಮೂರನೆಯ ದಿನವೋ, ಮಧ್ಯಾಹ್ನದ ಬಿಸಿಲಿನಲ್ಲಿ ಬಿದಿರು ತುಂಬಿದ ಲಾರಿಯೊಂದು ಬಂದು ನಿಂತಿತು. ಬಿಳಿ ಪಂಚೆ ಉಟ್ಟು ತಲೆಗೆ ಟವಲು ಸುತ್ತಿದ್ದ ಐವತ್ತರ ಆಸುಪಾಸಿನ ಒಬ್ಬರು ಇಳಿದು ಬಂದು ಗೋಡೆಯ ಕಡೆಯ ಬೆಂಚಿನ ತುದಿಯಲ್ಲಿ ಕುಳಿತರು. ಚಾಯ ಎಂದು ಕೂಗಲಿಲ್ಲ. ಏನು ಬೇಕೆಂದು ಅತ್ತೆಯೂ ಕೇಳಲಿಲ್ಲ. ತಟ್ಟೆ ಇಟ್ಟು ಮುದ್ದೆ ಹಾಕಿದರು. ಸಾರು ಬಡಿಸಿದರು. ಆ ಮನುಷ್ಯ ಉಣ್ಣುತ್ತ ನನ್ನ ಕಡೆ ನೋಡಿ, “ಯಾರು?” ಎಂದರು.

“ತಮ್ಮನ ಮಗಳು.”

“ಇಷ್ಟುದ್ದ ಆಗವ್ಳಾ?”

“ಮೈಸೂರಲ್ಲಿ ಓದ್ತಾವ್ಳೆ. ಸಾರು ಬೇಕಾ?”

“ಸಾಕು.”

ಉಂಡು ಎದ್ದವರು ತಮ್ಮ ತಟ್ಟೆಯನ್ನು ತಾವೇ ಹಿತ್ತಲಿಗೆ ಒಯ್ದು ತೊಳೆದು, ತಂದು, ಕಟ್ಟೆಯ ಮೇಲೆ ಬೋರಲು ಹಾಕಿದರು. ಬೇರೆ ಯಾವ ಲಾರಿಯವರೂ ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ. “ಬತ್ತೀನಿ” ಎಂದು ಹೇಳಿ ಹೊರಟರು. ಲಾರಿಯ ಸದ್ದು ಶುರುವಾದ ಮೇಲೆ ಅತ್ತೆ ಒಲೆಯ ಕಡೆ ಬಾಗಿಕೊಂಡೇ ಹೇಳಿದರು.

“ಅವ್ರೇ ಕಣಮ್ಮಿ, ನಿಮ್ಮಾವ.”

ನಾನು ಹೊರಗೆ ಓಡಿದೆ. ಲಾರಿ ಮೈಸೂರಿನ ಕಡೆ ಹೊರಟುಹೋಗಿತ್ತು. ಹಿಂದೆ ಚಾಚಿಕೊಂಡಿದ್ದ ಬಿದಿರಿನ ತುದಿಗಳು ಮಾತ್ರ ಮೇಲೆ ಕೆಳಗೆ ಆಡುತ್ತಿದ್ದವು.

ಆ ಸಂಜೆ ಅತ್ತೆ ಹಿಟ್ಟು ಜರಡಿ ಹಿಡಿಯುತ್ತ ಎಲ್ಲ ಹೇಳಿದರು. ಮಾವನಿಗೆ ಬತ್ತೇರಿಯಲ್ಲಿ ಇನ್ನೊಂದು ಸಂಸಾರವಿತ್ತು. ಒಬ್ಬಳು ಮಗಳು. ಹೋದ ಮೂರು ವರ್ಷಕ್ಕೆ ಒಂದು ದಿನ ಬಂದು ರಸ್ತೆಯಲ್ಲೇ ನಿಂತುಕೊಂಡು ತಾವೇ ಹೇಳಿದರಂತೆ.

“ಮೂರು ದಿನ ಕಣ್ಣೀರು ಆಕ್ದೆ. ಇಲ್ಲ ಅನ್ನಕಿಲ್ಲ. ನಾಕನೇ ದಿನ ಎದ್ದು ಒಲೆ ಅಚ್ಚಿದೆ. ಆಮ್ಯಾಕೆ ಒಂದಿನ ಬಂದು ಬೆಂಚಿನ ಮ್ಯಾಲೆ ಕುಂತ್ರು.”

“ಊಟ ಹಾಕಿದ್ರಾ?”

“ಲಾರಿಯೋರೆಲ್ಲ ಉಣ್ತಾರೆ. ಅವ್ರೂ ಲಾರಿಯೋರೇ ತಾನೆ?”

ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅತ್ತೆ ಜರಡಿಯನ್ನು ಎರಡು ಸಲ ತಟ್ಟಿದರು.

“ಏಳಿದ್ರೆ ನಿಮ್ಮಪ್ಪ ಬತ್ತೇರಿಗೆ ಓಗಿ ಜಗಳ ಆಡೋನು. ಇಲ್ಲಾಂದ್ರೆ ನನ್ನ ಕರ್ಕೊಂಡೋಗಿ ನಿಮ್ಮನೆ ಅಡ್ಗೆಮನೇಲಿ ಕೂರಿಸೋನು. ಒಳ್ಳೆ ಮನ್ಸ. ಆದ್ರೂ ನಂಗೆ ಈ ಒಲೇನೇ ಇಷ್ಟ ಕಣಮ್ಮಿ.”

ಇದನ್ನು ಬರೆಯಲೇ ಎಂದು ಕೇಳುವುದಕ್ಕೆ ನನಗೆ ಮಾರನೆಯ ದಿನದವರೆಗೂ ಧೈರ್ಯ ಬರಲಿಲ್ಲ. ಕೇಳಿದಾಗ ಅತ್ತೆ ತಟ್ಟನೆ ಒಪ್ಪಿದರು, ನನಗೇ ಆಶ್ಚರ್ಯವಾಗುವಷ್ಟು. ಎರಡೇ ಷರತ್ತು ಹಾಕಿದರು: ಬರೆದದ್ದನ್ನೆಲ್ಲ ಅವರಿಗೆ ಓದಿ ಹೇಳಬೇಕು, ಅವರು ಇರುವವರೆಗೂ ಪುಸ್ತಕಕ್ಕೆ ಹಾಕಿಸಬಾರದು. ಅತ್ತೆ ಹೋಗಿ ಈಗ ಬಹಳ ವರ್ಷಗಳಾದವು. ಅಪ್ಪನೂ ಇಲ್ಲ. ಆದ್ದರಿಂದ ಇದನ್ನೆಲ್ಲ ಹೇಳುತ್ತಿದ್ದೇನೆ.

ಉಳಿದ ದಿನಗಳಲ್ಲಿ ನಾನು ಬೆಳಿಗ್ಗೆ ಬರೆಯುತ್ತಿದ್ದೆ, ಮಧ್ಯಾಹ್ನ ಓದುತ್ತಿದ್ದೆ. ಅತ್ತೆ ಕೈಯಲ್ಲಿ ಏನಾದರೂ ಕೆಲಸ ಹಿಡಿದುಕೊಂಡೇ ಕೇಳುತ್ತಿದ್ದರು. ಅಕ್ಷರ ಬಾರದ ಹೆಂಗಸು, ಆದರೆ ಒಂದು ಮಾತನ್ನೂ ಸುಮ್ಮನೆ ಬಿಡುತ್ತಿರಲಿಲ್ಲ.

“ನಿಟ್ಟುಸಿರು ಅಂದ್ರೇನು?”

“ಉದ್ದದ ಉಸಿರು ಅತ್ತೆ. ದುಃಖದಲ್ಲಿ ಬಿಡೋದು.”

“ನಾ ಎಲ್ಲಿ ಬುಟ್ಟೆ? ಒಲೆ ಊದ್ತಿದ್ದೆ.”

ಇನ್ನೊಂದು ಕಡೆ ‘ಅವಳು ಮೌನವಾಗಿ ಬಡಿಸಿದಳು’ ಎಂದು ಬರೆದಿದ್ದೆ. “ಮೌನ ಏನಿಲ್ಲ. ಸಾರು ಬೇಕಾ ಅಂತ ಕೇಳ್ದೆ. ನೀನೂ ಅಲ್ಲೇ ಇದ್ದೆಯಲ್ಲ” ಎಂದರು. ನಿಜ, ನಾನು ಅಲ್ಲೇ ಇದ್ದೆ, ಕಿವಿಯಾರೆ ಕೇಳಿದ್ದೆ. ಬರೆಯುವಾಗ ಆ ಮಾತು ಕತೆಗೆ ಸಾಲದು ಅನ್ನಿಸಿ ಬಿಟ್ಟಿದ್ದೆ.

ಮಾವನ ಮುಖದಲ್ಲಿ ಪಶ್ಚಾತ್ತಾಪ ಕಾಣುತ್ತಿತ್ತು ಎಂದು ಅರ್ಧ ಪುಟ ಬರೆದಿದ್ದೆ. ಅದನ್ನು ಕೇಳಿ ಅತ್ತೆಗೆ ನಿಜವಾಗಿಯೇ ಸಿಟ್ಟು ಬಂತು.

“ಅವ್ರ ಮನ್ಸಲ್ಲಿ ಏನಿತ್ತು ಅಂತ ನಿಂಗೆಂಗೆ ಗೊತ್ತು? ಅಷ್ಟು ವರ್ಸ ಸಂಸಾರ ಮಾಡಿದ ನಂಗೇ ಗೊತ್ತಿಲ್ಲ. ತಟ್ಟೆ ತೊಳ್ದು ಇಟ್ರು. ಅದ ಬರಿ, ಸಾಕು.”

ಕೊನೆಯಲ್ಲಿ ಅವರದು ದೊಡ್ಡ ಮನಸ್ಸು ಎಂದು ಹೊಗಳಿದ್ದ ಸಾಲುಗಳನ್ನೂ ತೆಗೆಸಿದರು. ಆಗ ಮಾತ್ರ ಸಿಟ್ಟಿರಲಿಲ್ಲ, ಸ್ವಲ್ಪ ನಾಚಿಕೆ ಇತ್ತು. ಹನ್ನೆರಡು ಪುಟವಿದ್ದದ್ದು ಐದು ಪುಟವಾಯಿತು. ಊರಿಗೆ ಹೊರಡುವ ದಿನ ಪೂರ್ತಿ ಓದಿದೆ. ಅತ್ತೆ ಕೇಳಿಸಿಕೊಂಡು, “ಈಗ ನಾನೇ ಕಣಮ್ಮಿ” ಎಂದರು. ನನ್ನ ಕೆನ್ನೆ ಮುಟ್ಟಿದರು. ಅವರ ಕೈಗೆ ಹಿಟ್ಟು ಮೆತ್ತಿತ್ತು. ಬಸ್ಸಿನಲ್ಲಿ ಪಕ್ಕದವರು ಹೇಳುವವರೆಗೂ ಅದು ನನ್ನ ಮುಖದ ಮೇಲೇ ಇತ್ತು.

ಮನೆಯಲ್ಲಿ ಅಪ್ಪ, “ಓದಿದೆಯಾ? ಅಕ್ಕ ಏನಂದಳು?” ಎಂದು ಬಾಗಿಲಲ್ಲೇ ಕೇಳಿದರು. “ನಕ್ಕರು ಅಪ್ಪ” ಎಂದೆ. ಅವರಿಗೆ ಅಷ್ಟೇ ಸಾಕಾಯಿತು. ಅಚ್ಚಾದ ಆ ಹಳೆಯ ಕತೆಯನ್ನು ಅವರು ಮುಂದೆಯೂ ಬಂದವರಿಗೆಲ್ಲ ತೋರಿಸುತ್ತಿದ್ದರು. ನಾನು ಏನೂ ಹೇಳುವಂತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದೆ. ಮಗಳಿಗೆ ಹೊಗಳಿಕೆ ಎಂದರೆ ಸಂಕೋಚ ಎಂದು ಅಪ್ಪ ಅವರಿಗೆಲ್ಲ ವಿವರಿಸುತ್ತಿದ್ದರು.

ಕಾಲೇಜು ಶುರುವಾದ ಮೇಲೆ ಐದು ಪುಟಗಳನ್ನು ಮೇಷ್ಟರ ಕೈಗೆ ಕೊಟ್ಟು, ಇದನ್ನು ತರಗತಿಯಲ್ಲಿ ಓದುವುದು ಬೇಡ ಸಾರ್, ನೀವೊಬ್ಬರೇ ನೋಡಿ ಎಂದು ಕೇಳಿಕೊಂಡೆ. ಒಂದು ವಾರ ಇಟ್ಟುಕೊಂಡಿದ್ದು ಹಿಂದಕ್ಕೆ ಕೊಟ್ಟರು. ಒಂದು ಒತ್ತಕ್ಷರ ತಪ್ಪಾಗಿದ್ದದ್ದನ್ನು ಪೆನ್ಸಿಲಿನಲ್ಲಿ ಸರಿಮಾಡಿದ್ದರು. ಕೊನೆಯ ಪುಟದ ಅಡಿಯಲ್ಲಿ ಒಂದು ಸಾಲು ಬರೆದಿದ್ದರು: ‘ಇದನ್ನು ತಿದ್ದಿದವರಿಗೆ ನನ್ನ ನಮಸ್ಕಾರ ತಿಳಿಸು.’

ನಾನು ಅವರಿಗೆ ಅತ್ತೆಯ ವಿಚಾರ ಏನೂ ಹೇಳಿರಲಿಲ್ಲ. “ಹೇಗೆ ಗೊತ್ತಾಯ್ತು ಸಾರ್?” ಎಂದೆ.

“ನಿನ್ನ ವಯಸ್ಸಿನವರು ತಾವಾಗಿ ಇಷ್ಟು ಹೊಡೆದುಹಾಕೋದಿಲ್ಲಮ್ಮ. ಆ ವಯಸ್ಸಲ್ಲಿ ನಾನೂ ಹೊಡೆದುಹಾಕ್ತಿರಲಿಲ್ಲ” ಎಂದು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ.

ದಸರೆಯ ರಜದಲ್ಲಿ ಈ ನಮಸ್ಕಾರವನ್ನು ಅತ್ತೆಗೆ ಮುಟ್ಟಿಸಿದಾಗ ಅವರು ಸೆರಗು ಸರಿಮಾಡಿಕೊಂಡರು, ಮೇಷ್ಟರೇ ಎದುರಿಗೆ ನಿಂತಿದ್ದಾರೆ ಎನ್ನುವ ಹಾಗೆ. “ಈ ಕಡೆ ಬಂದ್ರೆ ಉಂಡ್ಕಂಡೇ ಓಗ್ಬೇಕು ಅಂತ ಏಳು” ಎಂದರು. ಮೇಷ್ಟರು ಆ ಕಡೆ ಹೋಗಲೇ ಇಲ್ಲ.

ಆನರ್ಸ್ ಮುಗಿಯಿತು. ನನಗೆ ಮೈಸೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಭಾಷಾಂತರದ ಕೆಲಸ ಸಿಕ್ಕಿತು. ಸುತ್ತೋಲೆ, ಪ್ರಕಟಣೆ, ನಮೂನೆಗಳನ್ನು ಕನ್ನಡಕ್ಕೆ ತರುವುದು. ಬುಧವಾರದ ಎರಡನೆಯ ಗಂಟೆಯೇ ನನಗೆ ಅನ್ನ ಕೊಟ್ಟಿತು. ದನದ ಕೊಟ್ಟಿಗೆಗೆ ಔಷಧಿ ಸಿಂಪಡಿಸುವ ಕ್ರಮವನ್ನು ಕನ್ನಡದಲ್ಲಿ ಬರೆಯುವಾಗ, ಇದನ್ನು ಅತ್ತೆ ಕೇಳಿದರೆ ತಿಳಿಯುತ್ತದೆಯೇ ಎಂದು ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಾಯಿತು. ಮೇಲಿನವರು ‘ಭಾಷೆ ಸ್ವಲ್ಪ ಹಗುರವಾಯಿತು’ ಎಂದು ಗುರುತು ಹಾಕಿ ಕಳಿಸುತ್ತಿದ್ದರು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಬಸ್ಸಿನ ಕಂಡಕ್ಟರೊಬ್ಬರು ನಾನಿದ್ದ ಮನೆ ಹುಡುಕಿಕೊಂಡು ಬಂದು, ಅತ್ತೆ ಬರಹೇಳಿದ್ದಾರೆ, ಕಾಗದ ಪೆನ್ನು ತರಬೇಕಂತೆ ಎಂದರು. ಭಾನುವಾರ ಹೋದೆ. ಅತ್ತೆ ಎಂದಿನಂತೆ ಬಡಿಸುತ್ತಿದ್ದರು. ಹಣೆಯಲ್ಲಿ ಕುಂಕುಮ ಇತ್ತು. ಜನ ಕರಗಿದ ಮೇಲೆ ಬೆಂಚಿನಲ್ಲಿ ನನ್ನ ಪಕ್ಕ ಕುಳಿತು, ಮಾವ ತೀರಿಕೊಂಡು ಇಪ್ಪತ್ತು ದಿನವಾಯಿತು ಎಂದರು. ಬತ್ತೇರಿಯ ಕಡೆಯ ಡ್ರೈವರೊಬ್ಬ ಬಂದು ಹೇಳಿದ್ದನಂತೆ. ಜ್ವರ ಬಂದಿತ್ತು, ನಾಲ್ಕೇ ದಿನ.

ನಾನು ಅವರ ಕೈ ಹಿಡಿದುಕೊಂಡೆ. ಅತ್ತೆ ಹಿಡಿದುಕೊಳ್ಳಲು ಬಿಟ್ಟರು. “ಬತ್ತೇರಿ ಆವಮ್ಮನಿಗೆ ಒಂದು ಕಾಗದ ಬರೀಬೇಕು” ಎಂದರು.

“ಅವರಿಗಾ?”

“ಊಂ. ಡ್ರೈವರಪ್ಪನೇ ತಕ್ಕೊಂಡೋಗಿ ಓದಿ ಏಳ್ತಾನಂತೆ. ಅವ್ನಿಗೆ ಕನ್ನಡ ಬತ್ತದೆ.”

ಕಾಗದ ತೊಡೆಯ ಮೇಲೆ ಇಟ್ಟುಕೊಂಡೆ. ಮೇಲಧಿಕಾರಿಗಳಿಗೆ, ತಂದೆಯವರಿಗೆ, ವ್ಯಾಪಾರಿಗಳಿಗೆ, ಸಂತಾಪಕ್ಕೆ, ಎಲ್ಲ ಬಗೆಯ ಒಕ್ಕಣೆಗಳನ್ನೂ ಮೇಷ್ಟರು ನಮಗೆ ಕಲಿಸಿದ್ದರು. ಇದಕ್ಕೆ ಯಾವುದೂ ಹೊಂದುವ ಹಾಗಿರಲಿಲ್ಲ.

“ಯಾರಿಗೆ ಅಂತ ಬರೀಲಿ ಅತ್ತೆ? ಮೇಲೆ ಏನು ಹಾಕಲಿ?”

ಹೊರಗೆ ಎರಡು ಲಾರಿ ಹಾದುಹೋದವು.

“ತಂಗಿಗೆ ಅಂತ ಬರಿ.”

ಬರೆದೆ. ಆಮೇಲೆ ಅವರು ಹೇಳಿದ್ದು ಇಷ್ಟೇ. “ಸುದ್ದಿ ತಿಳೀತು. ನಿಂಗೂ ಕಷ್ಟ ಆಗಿರ್ತದೆ. ಮಗೀನ ಓದ್ಸದ ಬುಡ್ಬ್ಯಾಡ. ಈ ಕಡೆ ಬಂದ್ರೆ ನಮ್ಮನೇಲಿ ಉಂಡ್ಕಂಡು ಓಗು.” ಅವರ ಮಾತನ್ನು ಅವರ ಮಾತಿನಲ್ಲೇ ಬರೆದೆ. ಓದಿ ಹೇಳಿದೆ. ಈ ಸಲ ಅವರು ಏನನ್ನೂ ತೆಗೆಸಲಿಲ್ಲ. ಹೆಬ್ಬೆಟ್ಟು ಒತ್ತಲಾ ಎಂದು ಕೇಳಿದರು. ಬೇಕಿಲ್ಲ, ಕೊನೆಯಲ್ಲಿ ‘ನಿನ್ನ ಅಕ್ಕ’ ಎಂದು ಬರೆದಿದ್ದೇನೆ ಎಂದೆ. ಆಗ ಅವರ ಕಣ್ಣು ತುಂಬಿತು.

ಬತ್ತೇರಿಯಿಂದ ಉತ್ತರ ಬರಲಿಲ್ಲ. ನಾಲ್ಕೈದು ತಿಂಗಳು ಕಳೆದ ಮೇಲೆ ನಾನು ಗುಂಡ್ಲುಪೇಟೆಗೆ ಹೋದಾಗ ಅತ್ತೆ ಕಾಳು ಬಿಡಿಸುತ್ತಿದ್ದವರು ನನ್ನನ್ನು ಕಂಡ ಕೂಡಲೇ ಹೇಳಿದರು.

“ಬಂದಿದ್ಲು ಕಣಮ್ಮಿ. ಓದ್ವಾರ. ಮಗೀನೂ ಕರ್ಕೊಂಡು ಬಂದಿದ್ಲು.”

“ಹೇಗಿದ್ದರು ಅತ್ತೆ? ಏನು ಮಾತಾಡಿದಿರಿ?”

“ಏನು ಮಾತು? ಮಳೆ ಬಂತಾ, ಅಕ್ಕಿ ಎಂಗೆ, ಅದೇಯ. ಸಣ್ಣಕವ್ಳೆ. ನನ್ನ ಭುಜಕ್ಕೂ ಬರಕಿಲ್ಲ. ಕುಂತ್ಕಳಮ್ಮ ಅಂದ್ರೂ ಕೂರ್ನಿಲ್ಲ, ನನ್ ಜೊತೇಲೇ ಪಾತ್ರೆ ತೊಳುದ್ಲು. ಆ ಮಗೀಗೆ ಮುದ್ದೆ ನುಂಗಕ್ಕೆ ಬರ್ನಿಲ್ಲ. ಅಗೀತಾ ಕುಂತಿತ್ತು” ಎಂದು ನಕ್ಕರು. ನಗು ನಿಂತ ಮೇಲೆ ರಸ್ತೆಯ ಕಡೆ ನೋಡಿದರು. “ಸಂಜೆ ಬಸ್ಸಿಗೆ ಓದ್ರು. ತುಂಬ ಜನ ಕಣಮ್ಮಿ ಅವತ್ತು. ಸೀಟು ಸಿಕ್ತೋ ಇಲ್ವೋ, ಅಷ್ಟು ದೂರ ನಿಂತ್ಕಂಡೇ ಓದ್ರೋ ಏನೋ.”